ಹನ್ನೆರಡು ವರ್ಷದ ಈಜುಕೊಳದ ಗಾರೆ ಸವೆದಿದೆ: ಕೆತ್ತಿ ಹೊಸದು ಬಳಿಯುವುದೇ, ಟೈಲ್ಸ್ ಹಾಕುವುದೇ, ಬಣ್ಣ ಹೊಡೆಯುವುದೇ?

ಪ್ರಶ್ನೆ: ಉಳ್ಳಾಲದ ಮನೆ

ಎಲ್ಲರಿಗೂ ನಮಸ್ಕಾರ. ಮಂಗಳೂರಿನಿಂದ ನೇತ್ರಾವತಿ ಸೇತುವೆ ದಾಟಿದ ಮೇಲೆ ಸಿಗುವ ಉಳ್ಳಾಲದ ಕಡೆ, ಸಮುದ್ರದಿಂದ ಸುಮಾರು ಎರಡು ಕಿಲೋಮೀಟರ್ ಒಳಗೆ ನಮ್ಮ ಮನೆ ಇದೆ. 2012ರಲ್ಲಿ ಮನೆ ಕಟ್ಟಿಸಿದಾಗ ಹಿತ್ತಲಿನಲ್ಲಿ ಆರ್‌ಸಿಸಿಯ ಒಂದು ಚಿಕ್ಕ ಈಜುಕೊಳವನ್ನೂ ಮಾಡಿಸಿದೆವು. ಉದ್ದ 8 ಮೀಟರ್, ಅಗಲ 4 ಮೀಟರ್; ಆಳ ಒಂದು ತುದಿಯಲ್ಲಿ 1.2 ಮೀಟರ್, ಇನ್ನೊಂದು ತುದಿಯಲ್ಲಿ 1.8 ಮೀಟರ್. ಒಳಗೆ ಬಿಳಿ ಸಿಮೆಂಟ್ ಮತ್ತು ಮಾರ್ಬಲ್ ಪುಡಿಯ ಗಾರೆ. ನೀರಿನ ಮಟ್ಟದಲ್ಲಿ ಮಾತ್ರ ಸುತ್ತಲೂ ಒಂದು ಸಾಲು ನೀಲಿ ಮೊಸಾಯಿಕ್ ಇದೆ.

ಮೊದಲ ನಾಲ್ಕೈದು ವರ್ಷ ಯಾವ ತೊಂದರೆಯೂ ಇರಲಿಲ್ಲ. ಆಮೇಲೆ ಗಾರೆ ನಿಧಾನವಾಗಿ ಒರಟಾಗುತ್ತ ಬಂದು, ಈಗ ಕೈಯಾಡಿಸಿದರೆ ಮರಳು ಕಾಗದದ ಮೇಲೆ ಕೈಯಿಟ್ಟಂತೆ ಆಗುತ್ತದೆ. ರಜೆಗೆ ಬಂದ ಮೊಮ್ಮಗಳು ಈಜಿ ಮೇಲೆ ಬಂದರೆ ಅಂಗಾಲು ಮತ್ತು ಹೆಬ್ಬೆರಳು ತರಚಿ ಕೆಂಪಾಗಿರುತ್ತವೆ. ತಳದಲ್ಲಿ ಅಲ್ಲಲ್ಲಿ ಬೂದು ಬಣ್ಣದ ಮಚ್ಚೆಗಳು ಎದ್ದಿವೆ. ಆಳದ ಕಡೆಯ ಮೂಲೆಯಲ್ಲಿ ಎಷ್ಟು ಉಜ್ಜಿದರೂ ಹೋಗದ, ಸಾಸಿವೆ ಕಾಳಿನಷ್ಟು ಗಾತ್ರದ ಕಪ್ಪು ಪಾಚಿಯ ಚುಕ್ಕೆಗಳಿವೆ. ಮೆಟ್ಟಿಲಿನ ಮೇಲೆ ಬಿಲ್ಲೆಯ ಅಗಲದ ಎರಡು ಗುಂಡಗಿನ ತಗ್ಗುಗಳಾಗಿವೆ. ಒಂದು ಗೋಡೆಯಲ್ಲಿ ಕಂದು ಬಣ್ಣದ ತುಕ್ಕಿನ ಗೆರೆ ಇಳಿದಿರುವುದನ್ನು ಈ ಮಳೆಗಾಲ ಮುಗಿದ ಮೇಲೆ ಗಮನಿಸಿದೆವು. ಪ್ರತಿವರ್ಷ ಗಣೇಶ ಚತುರ್ಥಿಯ ಹೊತ್ತಿಗೆ ಒಬ್ಬರನ್ನು ಕರೆಸಿ ಆಸಿಡ್ ಹಾಕಿಸಿ ತೊಳೆಸುತ್ತಿದ್ದೆವು. ಆಗ ಒಂದೆರಡು ತಿಂಗಳು ಬೆಳ್ಳಗೆ ಕಾಣುತ್ತಿತ್ತು.

ಮೂವರು ಗುತ್ತಿಗೆದಾರರನ್ನು ಕರೆಸಿ ತೋರಿಸಿದೆವು, ಮೂವರದೂ ಮೂರು ದಾರಿ. ಒಬ್ಬರು ಹಳೆಯ ಗಾರೆಯ ಮೇಲೆಯೇ ಎಪಾಕ್ಸಿ (ಎರಡು ದ್ರವ ಬೆರೆಸಿದಾಗ ಗಟ್ಟಿಯಾಗುವ ರಾಳದ) ಬಣ್ಣ ಹೊಡೆದರೆ ಸಾಕು ಎಂದರು. ಇನ್ನೊಬ್ಬರು ಗಾರೆಯನ್ನು ಮುಟ್ಟದೆ ಅದರ ಮೇಲೆ ಟೈಲ್ಸ್ ಅಂಟಿಸುತ್ತೇನೆ ಎಂದರು. ಮೂರನೆಯವರು ಎಲ್ಲವನ್ನೂ ಕೆತ್ತಿ ಹೊಸ ಗಾರೆ ಹಾಕಬೇಕೆನ್ನುತ್ತಾರೆ. ಬರುವ ವಾರ, ಅಂದರೆ ನವೆಂಬರ್ ಎರಡನೆಯ ವಾರದಲ್ಲೇ, ಕೊಳ ಖಾಲಿ ಮಾಡಿಕೊಡಿ ಎಂದು ಕೇಳಿದ್ದಾರೆ. ನಮ್ಮ ಸೆಖೆ, ನಮ್ಮ ಮಳೆ, ನಮ್ಮ ಉಪ್ಪುಗಾಳಿ ಇವುಗಳನ್ನು ತಾಳಿಕೊಳ್ಳುವಂಥದ್ದು ಯಾವುದು, ಕೆಲಸಕ್ಕೆ ಸರಿಯಾದ ಕಾಲ ಯಾವುದು ಎಂಬುದನ್ನು ಅನುಭವವಿದ್ದವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ನಿವೃತ್ತ ಇಂಜಿನಿಯರ್, ಮಂಗಳೂರು

ಮೇಡಂ, ಮೇಲ್ಮೈಯ ವಿಚಾರವನ್ನು ಆಮೇಲೆ ಮಾತನಾಡೋಣ. ಬರುವ ವಾರ ಕೊಳವನ್ನು ಖಾಲಿ ಮಾಡುವ ಯೋಚನೆಯನ್ನು ದಯವಿಟ್ಟು ಈಗಲೇ ಕೈಬಿಡಿ.

ಕಾರಣ ಇಷ್ಟು. ತಮ್ಮ ಕೊಳದ ತಳದ ಕಾಂಕ್ರೀಟ್ ಸುಮಾರು 20 ಸೆಂ.ಮೀ. ದಪ್ಪವಿದೆ ಎಂದುಕೊಳ್ಳಿ. ಒಂದು ಘನ ಮೀಟರ್ ಕಾಂಕ್ರೀಟ್ ಹತ್ತಿರಹತ್ತಿರ 2,500 ಕೆ.ಜಿ. ತೂಗುವುದರಿಂದ, ತಳದ ಪ್ರತಿ ಚದರ ಮೀಟರಿನ ತೂಕ 500 ಕೆ.ಜಿ. ಆಗುತ್ತದೆ. ಹೊರಗಿನ ಅಂತರ್ಜಲ ಆ ತಳದ ಅಡಿಗಿಂತ ಬರೀ ಅರ್ಧ ಮೀಟರ್ ಮೇಲಿದ್ದರೂ, ಅದು ಕೆಳಗಿನಿಂದ ಅಷ್ಟೇ, ಅಂದರೆ ಚದರ ಮೀಟರಿಗೆ 500 ಕೆ.ಜಿ. ಒತ್ತಡದಿಂದ ಮೇಲಕ್ಕೆ ತಳ್ಳುತ್ತದೆ. ಕೊಳದಲ್ಲಿ ನೀರಿರುವವರೆಗೆ ಆ ನೀರಿನ ಭಾರ ತಳವನ್ನು ಹಿಡಿದಿಟ್ಟುಕೊಂಡಿರುತ್ತದೆ. ನೀರು ತೆಗೆದ ಕೂಡಲೇ ಗೋಡೆಗಳ ತೂಕ ಒಂದಷ್ಟು ಆಧಾರ ಕೊಟ್ಟರೂ ತಳ ಉಬ್ಬುವುದು, ಬಿರಿಯುವುದು, ಕೆಲವೊಮ್ಮೆ ಇಡೀ ಕೊಳವೇ ದೋಣಿಯ ಹಾಗೆ ತೇಲಿ ಒಂದು ಬದಿ ಏಳುವುದು ಸಾಧ್ಯ. ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ, ನೆಲ ಸ್ಪಂಜಿನಂತೆ ಮಳೆಗಾಲದ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ನವೆಂಬರಿನಲ್ಲಿ ನಮ್ಮ ಬಾವಿಗಳಲ್ಲಿ ನೀರು ಎಷ್ಟು ಮೇಲಿರುತ್ತದೆ ಎಂಬುದು ತಮಗೂ ಗೊತ್ತು. ದೊಡ್ಡ ಕೊಳಗಳಲ್ಲಿ ತಳದ ಗುಂಡಿಯಲ್ಲಿ, ಅಡಿಯ ನೀರನ್ನು ಒಳಬಿಡುವ ಒತ್ತಡ ಬಿಡುಗಡೆಯ ವಾಲ್ವ್ ಕೂರಿಸಿರುತ್ತಾರೆ. ಮನೆಯ ಕೊಳಗಳಲ್ಲಿ ಬಹಳ ಮಂದಿ ಅದನ್ನು ಬಿಟ್ಟೇಬಿಡುತ್ತಾರೆ, ಇದ್ದರೂ ಹತ್ತು ವರ್ಷದಲ್ಲಿ ಸುಣ್ಣ ಕಟ್ಟಿ ಅಂಟಿಕೊಂಡಿರುತ್ತದೆ.

ತಮ್ಮ ಹಿತ್ತಲಿನಲ್ಲಿ ತೆರೆದ ಬಾವಿ ಇದ್ದರೆ ಅದಕ್ಕಿಂತ ಒಳ್ಳೆಯ ಅಳತೆಗೋಲು ಬೇರೆ ಬೇಕಿಲ್ಲ. ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿ, ನೀರು ಎಷ್ಟು ಕೆಳಗಿದೆ ಎಂದು ನೋಡಿ. ಅಳತೆ ಬಾವಿಯ ಕಟ್ಟೆಯಿಂದ ಇರಬಾರದು, ನೆಲದ ಮಟ್ಟದಿಂದ ಇರಬೇಕು. ಈ ಒಂದು ಮರೆವಿನಿಂದ ಮುಕ್ಕಾಲು ಮೀಟರ್ ತಪ್ಪು ಲೆಕ್ಕ ಹಾಕಿದವರನ್ನು ಕಂಡಿದ್ದೇನೆ. ತಮ್ಮ ಕೊಳದ ಅಡಿ ಸುಮಾರು 2 ಮೀಟರ್ ಆಳದಲ್ಲಿದೆ. ಬಾವಿಯ ನೀರು 3 ಮೀಟರಿಗಿಂತ ಕೆಳಗೆ ಹೋದ ಮೇಲೆ ಮಾತ್ರ ಖಾಲಿ ಮಾಡಿ.

ಇನ್ನು ಗಾರೆ ಏಕೆ ಸವೆಯಿತು ಎಂಬ ಪ್ರಶ್ನೆ. ಗುತ್ತಿಗೆದಾರರು ಸಾಮಾನ್ಯವಾಗಿ ಹಿಂದಿನ ಮೇಸ್ತ್ರಿಯನ್ನು ಬೈದು ಮುಗಿಸುತ್ತಾರೆ. ತಾವು ಬರೆದ ಲಕ್ಷಣಗಳನ್ನು ನೋಡಿದರೆ ಮೇಸ್ತ್ರಿಯ ತಪ್ಪು ಅಷ್ಟಾಗಿ ಕಾಣುವುದಿಲ್ಲ. ಗಾರೆಯನ್ನು ತಿಂದಿರುವುದು ನೀರೇ. ಕೊಳದ ನೀರಿನಲ್ಲಿ ಕ್ಯಾಲ್ಸಿಯಂ ಕಡಿಮೆಯಿದ್ದರೆ ಅದು ತನಗೆ ಬೇಕಾದ ಸುಣ್ಣವನ್ನು ಗಾರೆಯಿಂದಲೇ ಕರಗಿಸಿಕೊಳ್ಳುತ್ತದೆ. ನಡುವಿನ ಸಿಮೆಂಟ್ ಕರಗಿ ಮಾರ್ಬಲಿನ ಕಣಗಳು ಹೊರಗೆ ಚಾಚಿಕೊಂಡಾಗ ಮರಳು ಕಾಗದದಂತೆ ಆಗುತ್ತದೆ, ಆ ಸಂದುಗಳಲ್ಲಿ ಕಪ್ಪು ಪಾಚಿ ಬೇರೂರುತ್ತದೆ. ಮೆಟ್ಟಿಲ ಮೇಲಿನ ಗುಂಡಗಿನ ತಗ್ಗುಗಳು ಕ್ಲೋರಿನ್ ಬಿಲ್ಲೆಗಳು ಬಿದ್ದ ಜಾಗಗಳೆಂದು ಊಹಿಸುತ್ತೇನೆ. ಇದರ ಮೇಲೆ ವರ್ಷಕ್ಕೊಮ್ಮೆ ಆಸಿಡ್! ಆಸಿಡ್ ತೊಳೆತದಲ್ಲಿ ಬೆಳ್ಳಗೆ ಕಾಣುವುದು ಕೊಳೆ ಹೋದುದರಿಂದಲ್ಲ, ಗಾರೆಯ ಮೇಲ್ಪದರವೇ ಕರಗಿ ಹೋದುದರಿಂದ. 10 ಮಿ.ಮೀ. ದಪ್ಪದ ಗಾರೆ ಇಂಥ ಉಪಚಾರವನ್ನು ಎಷ್ಟು ವರ್ಷ ತಡೆದೀತು?

ತುಕ್ಕಿನ ಗೆರೆ ಬೇರೆಯೇ ವಿಷಯ, ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಆ ಜಾಗದ ಹಿಂದೆ ಕಬ್ಬಿಣದ ಸರಳು ಮೇಲ್ಮೈಗೆ ತೀರಾ ಹತ್ತಿರವಿರಬೇಕು. ಕೊಳ ಖಾಲಿಯಾದಾಗ ಅಲ್ಲಿ ಕಾಂಕ್ರೀಟನ್ನು ಸರಳಿನ ಹಿಂಬದಿಯವರೆಗೆ ಒಡೆದು, ಸರಳನ್ನು ಬೆಳ್ಳಗೆ ಹೊಳೆಯುವಂತೆ ತಂತಿ ಬ್ರಷ್‌ನಿಂದ ಉಜ್ಜಿ, ಸತುವಿನ ಪ್ರೈಮರ್ ಬಳಿದು, ಪಾಲಿಮರ್ ಬೆರೆಸಿದ ಗಾರೆಯಿಂದ ತುಂಬಬೇಕು. ಇದನ್ನು ಮಾಡದೆ ಮೇಲೆ ಚಿನ್ನದ ಟೈಲ್ಸ್ ಹಾಕಿಸಿದರೂ ಎರಡು ವರ್ಷದಲ್ಲಿ ತುಕ್ಕು ಉಬ್ಬಿ ಅದನ್ನು ಹೊರಗೆ ನೂಕುತ್ತದೆ.

ಈಗ ಕೊಳ ತುಂಬಿರುವಾಗಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಒಂದು ಬಕೆಟ್ಟಿನಲ್ಲಿ ಕೊಳದ ನೀರನ್ನೇ ತುಂಬಿ ಮೆಟ್ಟಿಲಿನ ಮೇಲಿಡಿ. ಬಕೆಟ್ಟಿನ ಒಳಗಿನ ನೀರಿನ ಮಟ್ಟಕ್ಕೂ ಹೊರಗಿನ ಮಟ್ಟಕ್ಕೂ ಗುರುತು ಮಾಡಿ, ಪಂಪ್ ನಿಲ್ಲಿಸಿ, 24 ಗಂಟೆ ಬಿಟ್ಟು ನೋಡಿ. ಎರಡೂ ಒಂದೇ ಸಮನಾಗಿ ಇಳಿದಿದ್ದರೆ ಅದು ಬಿಸಿಲಿನ ಪಾಲು. ಕೊಳದ ಮಟ್ಟ ಹೆಚ್ಚು ಇಳಿದಿದ್ದರೆ ಸೋರಿಕೆ ಇದೆ. ದೀಪದ ಗೂಡು ಮತ್ತು ಪೈಪು ಗೋಡೆಯನ್ನು ಸೇರುವ ಜಾಗಗಳನ್ನು ಮೊದಲು ಶಂಕಿಸಿ.

ಉಳ್ಳಾಲದ ಮನೆ

ಸರ್, ತಮ್ಮ ಉತ್ತರ ಓದಿ ಗಾಬರಿಯೂ ಆಯಿತು, ಸಮಾಧಾನವೂ ಆಯಿತು. ಗುತ್ತಿಗೆದಾರರಿಗೆ ಸದ್ಯ ಬೇಡವೆಂದು ಹೇಳಿದ್ದೇವೆ. ಬಕೆಟ್ ಪರೀಕ್ಷೆಯಲ್ಲಿ ಎರಡು ಗುರುತುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ.

ನೀರಿನ ಪರೀಕ್ಷೆಯ ಕಿಟ್ ತರಿಸಿ ನೋಡಿದೆವು. ಕೊಳದ ನೀರಿನ ಪಿಎಚ್ 6.8, ಕ್ಷಾರೀಯತೆ (ಪಿಎಚ್ ಏರಿಳಿಯದಂತೆ ತಡೆಯುವ ಗುಣ) 30 ಪಿಪಿಎಂ (ಲೀಟರಿಗೆ ಮಿಲಿಗ್ರಾಂ), ಕ್ಯಾಲ್ಸಿಯಂ ಗಡಸುತನ 30 ಪಿಪಿಎಂ ಬಂತು. ಬಾವಿಯ ನೀರಿನ ಪಿಎಚ್ 6.1, ಗಡಸುತನ 20. ನಾವು ಕೊಳಕ್ಕೆ ಮೊದಲಿನಿಂದಲೂ ಬಾವಿಯ ನೀರನ್ನೇ ಬಿಡುತ್ತಿದ್ದೇವೆ. ಕುಡಿಯಲು ಇಷ್ಟು ಸಿಹಿಯಾದ ನೀರು ಗಾರೆಗೆ ಕೆಟ್ಟದ್ದು ಎಂದು ನಮಗೆ ಹೊಳೆದಿರಲಿಲ್ಲ. ಕ್ಲೋರಿನ್‌ಗೆ ಮೂರು ಇಂಚಿನ ಬಿಳಿ ಬಿಲ್ಲೆಗಳನ್ನು ಬಳಸುತ್ತೇವೆ. ಹೌದು, ತೇಲುವ ಡಬ್ಬಿ ಒಡೆದಿದ್ದ ಒಂದು ವರ್ಷ ಕೆಲಸದವರು ಬಿಲ್ಲೆಗಳನ್ನು ಮೆಟ್ಟಿಲಿನ ಮೇಲೆಯೇ ಇಡುತ್ತಿದ್ದರು.

ಉತ್ತರ 2: ನೀರಿನ ಲೆಕ್ಕ

ನಾನು ಹೋಟೆಲುಗಳ ಮತ್ತು ವಸತಿ ಸಮುಚ್ಚಯಗಳ ಈಜುಕೊಳಗಳ ನೀರು ನೋಡಿಕೊಳ್ಳುವ ಕೆಲಸ ಮಾಡುತ್ತೇನೆ. ತಮ್ಮ ಅಂಕಿಗಳನ್ನು ನೋಡಿ ಆಶ್ಚರ್ಯವಾಗಲಿಲ್ಲ. ಕರಾವಳಿಯ ಮುರಕಲ್ಲಿನ ಬಾವಿಗಳ ನೀರು ಹೆಚ್ಚಾಗಿ ಹೀಗೆಯೇ, ಸ್ವಲ್ಪ ಆಮ್ಲೀಯವಾಗಿ, ತುಂಬ ಮೃದುವಾಗಿ ಇರುತ್ತದೆ.

ನೀರು ಸುಣ್ಣವನ್ನು ತಿನ್ನುತ್ತದೆಯೋ ಕಟ್ಟಿಸುತ್ತದೆಯೋ ಎಂದು ಹೇಳಲು 1936ರಲ್ಲಿ ಅಮೆರಿಕದ ಲ್ಯಾಂಜಲಿಯರ್ ಎಂಬ ಪ್ರಾಧ್ಯಾಪಕರು ರೂಪಿಸಿದ ಒಂದು ಸೂಚ್ಯಂಕ ಇದೆ. ಅವರು ಅದನ್ನು ಮಾಡಿದ್ದು ಊರಿನ ನೀರಿನ ಕೊಳವೆಗಳಿಗಾಗಿ. ಈಜುಕೊಳದವರು ಅದನ್ನು ಸರಳಗೊಳಿಸಿ ಬಳಸುತ್ತಾರೆ. ಪಿಎಚ್‌ಗೆ ಉಷ್ಣತೆ, ಕ್ಯಾಲ್ಸಿಯಂ ಮತ್ತು ಕ್ಷಾರೀಯತೆಗೆ ಕೋಷ್ಟಕದಲ್ಲಿ ಕೊಟ್ಟಿರುವ ಮೂರು ಅಂಕಗಳನ್ನು ಕೂಡಿಸಿ 12.1 ಕಳೆಯಬೇಕು. ಸುಮಾರು 30 ಡಿಗ್ರಿಯ ನೀರಿಗೆ ಉಷ್ಣತೆಯ ಅಂಕ 0.7. ತಮ್ಮ ನೀರಿಗೆ 6.8, 0.7, 1.1 ಮತ್ತು 1.5 ಕೂಡಿಸಿ 12.1 ಕಳೆದರೆ ಋಣ 2 ಬರುತ್ತದೆ. ಇದು ಋಣ 0.3ರಿಂದ ಧನ 0.3ರ ನಡುವೆ ಇರಬೇಕು. ಋಣ 2 ಎಂದರೆ ಕೊಳದ ತುಂಬ ಹಸಿದ ನೀರು ನಿಂತಿದೆ ಎಂದರ್ಥ.

ಇದಕ್ಕೆ ಬಾವಿಯೊಂದೇ ಕಾರಣವಲ್ಲ, ಮಳೆಯ ಲೆಕ್ಕವನ್ನೂ ನೋಡಿ. ತಮ್ಮ ಕೊಳದ ಬಾಯಿ 32 ಚದರ ಮೀಟರ್, ಸರಾಸರಿ ಆಳ ಒಂದೂವರೆ ಮೀಟರ್, ಹಿಡಿಯುವ ನೀರು 48,000 ಲೀಟರ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ 3,000 ಮಿ.ಮೀ. ಮಳೆ ಬಿದ್ದರೆ ಕೊಳದೊಳಗೆ ನೇರವಾಗಿ ಬೀಳುವುದು 96,000 ಲೀಟರ್, ಅಂದರೆ ಕೊಳದ ಸರಿಯಾಗಿ ಎರಡು ಪಟ್ಟು. ಮಳೆನೀರಿನಲ್ಲಿ ಕ್ಯಾಲ್ಸಿಯಂ ಇಲ್ಲವೆಂದೇ ಹೇಳಬಹುದು. ಅದು ಬೆರೆಯುತ್ತ, ತುಂಬಿ ಹೊರಚೆಲ್ಲುತ್ತ ಹೋದರೆ, ಮೇ ತಿಂಗಳಲ್ಲಿ 200 ಪಿಪಿಎಂ ಇದ್ದ ಕ್ಯಾಲ್ಸಿಯಂ ಸೆಪ್ಟೆಂಬರಿನ ಹೊತ್ತಿಗೆ ಏಳರಲ್ಲಿ ಒಂದು ಪಾಲಿಗೆ, ಅಂದರೆ 30ರ ಆಸುಪಾಸಿಗೆ ಇಳಿಯುತ್ತದೆ. ಒಣ ನಾಡಿನವರು ಬರೆದ ಸಲಹೆಗಳನ್ನು ಇಂಟರ್ನೆಟ್ಟಿನಲ್ಲಿ ಓದಿ ಅನುಸರಿಸಿದರೆ ಕೆಲಸಕ್ಕೆ ಬಾರದಿರುವುದು ಇದಕ್ಕೇ. ಅವರ ಚಿಂತೆ ನೀರು ಆವಿಯಾಗಿ ಸುಣ್ಣ ಕಟ್ಟುವುದು, ನಮ್ಮ ಚಿಂತೆ ಅದಕ್ಕೆ ಪೂರ್ತಿ ತದ್ವಿರುದ್ಧ.

ಬಿಳಿ ಬಿಲ್ಲೆಗಳು ಟಿಸಿಸಿಎ ಎಂಬ ರಾಸಾಯನಿಕ, ಅವು ತೀರಾ ಆಮ್ಲೀಯ; ಕರಗುವಲ್ಲಿ ಪಿಎಚ್ 3ರಷ್ಟಿರುತ್ತದೆ. ಮೃದು ನೀರಿಗೆ ಈ ಬಿಲ್ಲೆಗಳನ್ನೇ ನೆಚ್ಚಿಕೊಂಡರೆ ಕ್ಷಾರೀಯತೆ ತಿಂಗಳು ತಿಂಗಳಿಗೂ ಕುಸಿಯುತ್ತದೆ. ದ್ರವರೂಪದ ಕ್ಲೋರಿನ್ ಆದ ಹೈಪೋಕ್ಲೋರೈಟ್‌ಗೆ ಬದಲಾಯಿಸಿಕೊಳ್ಳಿ. ಬ್ಲೀಚಿಂಗ್ ಪುಡಿಯೂ ಆಗುತ್ತದೆ, ಆದರೆ ನಮ್ಮ ಹವೆಯಲ್ಲಿ ಚೀಲ ಬಿಚ್ಚಿದ ಕೆಲವೇ ವಾರಗಳಲ್ಲಿ ಅದರ ಸತ್ವ ಇಳಿಯುತ್ತದೆ. ಉಳಿದ ಬಿಲ್ಲೆಗಳನ್ನು ಬ್ಲೀಚಿಂಗ್ ಪುಡಿಯ ಜೊತೆ ಒಂದೇ ಡಬ್ಬಿಯಲ್ಲಿ ಎಂದಿಗೂ ಇಡಬೇಡಿ. ಅವೆರಡೂ ಸೇರಿ ತೇವ ತಗುಲಿದರೆ ಬೆಂಕಿ ಹತ್ತಿಕೊಳ್ಳುತ್ತದೆ, ಸ್ಫೋಟವೂ ಆಗಬಹುದು.

ಹೊಸ ಮೇಲ್ಮೈ ಆದ ಮೇಲೆ ಬಾವಿಯ ನೀರನ್ನು ತುಂಬಿದಾಗ ಗಡಸುತನವನ್ನು 20ರಿಂದ 200ಕ್ಕೆ ಏರಿಸಲು ಸುಮಾರು 13 ಕೆ.ಜಿ. ಕ್ಯಾಲ್ಸಿಯಂ ಕ್ಲೋರೈಡ್ ಹರಳು ಬೇಕು. ಕ್ಷಾರೀಯತೆಯನ್ನು 30ರಿಂದ 90ಕ್ಕೆ ತರಲು ಸುಮಾರು 5 ಕೆ.ಜಿ. ಅಡುಗೆ ಸೋಡಾ. ಕ್ಯಾಲ್ಸಿಯಂ ಹರಳನ್ನು ಬಕೆಟ್ಟಿನ ನೀರಿಗೆ ಸ್ವಲ್ಪಸ್ವಲ್ಪವಾಗಿ ಹಾಕಿ ಕರಗಿಸಬೇಕು, ನೀರು ಚೆನ್ನಾಗಿ ಬಿಸಿಯೇರುತ್ತದೆ. ಎರಡನ್ನೂ ಒಂದೇ ದಿನ ಹಾಕಿದರೆ ಕೊಳ ಹಾಲಿನಂತಾಗುತ್ತದೆ, ಆದ್ದರಿಂದ ಒಂದು ದಿನದ ಅಂತರವಿರಲಿ. ಪಿಎಚ್ 7.5 ಇಟ್ಟುಕೊಂಡರೆ ಸೂಚ್ಯಂಕ ಸೊನ್ನೆಯ ಹತ್ತಿರ ಬಂದು ನಿಲ್ಲುತ್ತದೆ. ಈಗಿರುವ ನೀರನ್ನು ಹೇಗೂ ಕೆಲವು ತಿಂಗಳಲ್ಲಿ ಚೆಲ್ಲಲಿಕ್ಕಿದೆ, ಅದಕ್ಕೆ ಸೋಡಾ ಮಾತ್ರ ಹಾಕಿ, ಕ್ಯಾಲ್ಸಿಯಂಗೆ ಹಣ ಸುರಿಯಬೇಡಿ.

ಮಳೆಗಾಲದಲ್ಲಿ ಇದೇ 200ನ್ನು ಕಾಯ್ದುಕೊಳ್ಳಲು ನಾಲ್ಕು ತಿಂಗಳಿಗೆ 28 ಕೆ.ಜಿ.ಯಷ್ಟು ಕ್ಯಾಲ್ಸಿಯಂ ಕ್ಲೋರೈಡ್ ಸುರಿಯಬೇಕಾಗುತ್ತದೆ. ಅದಕ್ಕಿಂತ ಇಳಿಜಾರಾಗಿ ಬಿಗಿದ ಒಂದು ದಪ್ಪ ಹೊದಿಕೆಯೋ ಮೇಲೊಂದು ಶೀಟಿನ ಮಾಡೋ ಅಗ್ಗ.

ಉತ್ತರ 3: ಕುಂದಾಪುರದ ಹೋಂಸ್ಟೇ

ಎಪಾಕ್ಸಿ ಬಣ್ಣದ ಬಗ್ಗೆ ನನ್ನ ಅನುಭವವನ್ನು ಹೇಳಿಬಿಡುತ್ತೇನೆ. ನಮ್ಮ ಹೋಂಸ್ಟೇಯ ಕೊಳಕ್ಕೆ ಮೂರು ವರ್ಷದ ಹಿಂದೆ, ಬೇಸಿಗೆ ರಜೆಯ ಜನ ಹೋದ ಮೇಲೆ, ಮೇ ತಿಂಗಳ ಮೂರನೆಯ ವಾರದಲ್ಲಿ ಎಪಾಕ್ಸಿ ಹೊಡೆಸಿದೆ. ಮಳೆಗಾಲಕ್ಕೆ ಮುಂಚಿನ ತುಳುವರ ಪತ್ತನಾಜೆಯ ಒಳಗೆ, ಅಂದರೆ ಮೇ 24ರ ಸುಮಾರಿಗೆ, ಮುಗಿದುಬಿಡಲಿ ಎಂಬ ಆತುರ ನನ್ನದು. ಬಣ್ಣದವರು ಬಿಸಿಲು ಏರುವ ಮೊದಲು ಮುಗಿಸೋಣವೆಂದು ಬೆಳಿಗ್ಗೆ ಆರಕ್ಕೇ ಕೆಲಸ ಶುರು ಮಾಡುತ್ತಿದ್ದರು. ಕೇಳಲು ಜಾಣತನವೆನಿಸಿತು.

ಎರಡನೆಯ ದಿನ ಬಣ್ಣದ ಮೇಲೆ ಎಣ್ಣೆ ಸವರಿದಂತೆ ಜಿಗುಟಾದ ಒಂದು ಪೊರೆ ಕಾಣಿಸಿತು. ಒರೆಸಿದರು, ಎರಡನೆಯ ಕೋಟ್ ಹೊಡೆದರು. ದೀಪಾವಳಿಯ ಹೊತ್ತಿಗೆ ಆಳದ ತುದಿಯಲ್ಲಿ ಹಪ್ಪಳದಂತೆ ಗುಳ್ಳೆಗಳು ಎದ್ದವು. ಒಂದನ್ನು ಉಗುರಿನಿಂದ ಒಡೆದರೆ ಒಳಗೆ ನೀರು, ಮತ್ತು ಹಿಂಬದಿ ಬಣ್ಣಕ್ಕೆ ಅಂಟಿಕೊಂಡು ಬಂದ ಹಳೆಯ ಗಾರೆಯ ಪುಡಿ. ಅದೇ ಬಣ್ಣದ ಡಬ್ಬಿಯ ಮೇಲಿನ ಸೂಚನೆಯನ್ನು ಆಮೇಲೆ ಕುಳಿತು ಓದಿದೆ. ಗೋಡೆಯ ಉಷ್ಣತೆ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ನೀರಾಗಿ ಕೂರುವ ಉಷ್ಣತೆಗಿಂತ) ಕನಿಷ್ಠ 3 ಡಿಗ್ರಿ ಹೆಚ್ಚಿರಬೇಕು, ಗಾಳಿಯ ತೇವಾಂಶ ಶೇ. 85 ದಾಟಬಾರದು ಎಂದು ಬರೆದಿತ್ತು. ನಮ್ಮ ಊರಿನ ಮೇ ತಿಂಗಳ ಮುಂಜಾನೆ ಇವೆರಡರಲ್ಲಿ ಒಂದೂ ಸಿಗುವುದಿಲ್ಲ. ತಣ್ಣಗಿನ ಗಾರೆಯ ಮೇಲೆ ಕಣ್ಣಿಗೆ ಕಾಣದಷ್ಟು ನೀರು ಕೂತಿರುತ್ತದೆ.

ಎಪಾಕ್ಸಿ ಹೊಡೆಸಲೇಬೇಕೆಂದಿದ್ದರೆ 45 ಸೆಂ.ಮೀ. ಚೌಕದ ಪ್ಲಾಸ್ಟಿಕ್ ಹಾಳೆಯನ್ನು ತಳಕ್ಕೆ ನಾಲ್ಕೂ ಬದಿ ಟೇಪಿನಿಂದ ಅಂಟಿಸಿ ಒಂದು ರಾತ್ರಿ, ಕನಿಷ್ಠ 16 ಗಂಟೆ, ಬಿಡಿ. ಬಿಚ್ಚಿದಾಗ ಒಳಗೆ ಬೆವರು ಕಂಡರೆ ಕಾಂಕ್ರೀಟ್ ಇನ್ನೂ ಒಣಗಿಲ್ಲ. ಸವೆದು ಪುಡಿಯಾಗುತ್ತಿರುವ ಗಾರೆಯ ಮೇಲೆ ಹೊಡೆಯುವುದಂತೂ ಬೇಡವೇ ಬೇಡ. ನಾನು ಈಗ ಎಲ್ಲವನ್ನೂ ಕೆತ್ತಿಸಿ ಗಾರೆಗೇ ಮರಳಿದ್ದೇನೆ. ಬಣ್ಣ ಕೆತ್ತಿಸುವ ಕೂಲಿ ಬಣ್ಣ ಹೊಡೆಸಿದ ಕೂಲಿಗಿಂತ ಹೆಚ್ಚಾಯಿತು.

ಉತ್ತರ 4: ಮಸ್ಕತ್ ಕನ್ನಡಿಗ

ನಾನು ಮೂಲತಃ ಉಡುಪಿಯವನು, ಒಮಾನಿನಲ್ಲಿ ಕಟ್ಟಡ ನಿರ್ವಹಣೆಯ ಕೆಲಸದಲ್ಲಿದ್ದೇನೆ. ಇಲ್ಲಿಯೂ ಕಡಲತಡಿಯ ಸೆಖೆ, ಸಮುದ್ರದ ನೀರಿನಿಂದ ಉಪ್ಪು ತೆಗೆದ ಮೃದು ನೀರು. ನಾನು ನೋಡಿಕೊಳ್ಳುವ ಮನೆಗಳಲ್ಲಿ ಹೆಚ್ಚಿನವು ಗಾಜಿನ ಮೊಸಾಯಿಕ್ ಅಥವಾ ವಿಟ್ರಿಫೈಡ್ ಟೈಲ್ಸಿನ ಕೊಳಗಳೇ. ಟೈಲ್ಸನ್ನು ನೀರು ತಿನ್ನುವುದಿಲ್ಲ ಎಂಬುದು ನಿಜ. ಆದರೆ ಟೈಲುಗಳ ಸಂದು ತುಂಬುವ ಸಿಮೆಂಟ್ ಗ್ರೌಟನ್ನು ತಿನ್ನುತ್ತದೆ. ಗ್ರೌಟ್ ಕರಗಿದ ಜಾಗದಲ್ಲಿ ಟೈಲಿನ ಅಂಚು ಬ್ಲೇಡಿನಂತೆ ಕಾಲಿಗೆ ತಾಗುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ಆದ್ದರಿಂದ ಟೈಲ್ಸ್ ಎಂದರೆ ಎಪಾಕ್ಸಿ ಗ್ರೌಟ್, ನೀರು ಹೀರುವಿಕೆ ಶೇ. 0.5ಕ್ಕಿಂತ ಕಡಿಮೆಯಿರುವ ಟೈಲ್, ಮತ್ತು ಗಟ್ಟಿಯಾದ ತಳ, ಈ ಮೂರೂ ಇರಬೇಕು. ಸವೆದ ಗಾರೆಯ ಮೇಲೆಯೇ ಅಂಟಿಸುತ್ತೇನೆ ಎಂದವರನ್ನು ಅಲ್ಲಿಂದಲೇ ಕಳುಹಿಸಿಬಿಡಿ.

ಇನ್ನೊಂದು ಮಾತು. ಇಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನ 12.30ರಿಂದ 3.30ರವರೆಗೆ ಬಯಲಿನಲ್ಲಿ ಕೂಲಿ ಕೆಲಸ ಮಾಡಿಸುವುದನ್ನು ಕಾನೂನೇ ತಡೆಯುತ್ತದೆ. ನಮ್ಮೂರಿನಲ್ಲಿ ಅಂಥ ಕಾನೂನು ಇಲ್ಲದಿದ್ದರೂ ಖಾಲಿ ಕೊಳದ ತಳ ಏಪ್ರಿಲಿನ ಮಧ್ಯಾಹ್ನ ಕಾದ ಬಾಣಲೆಯೇ. ಕೆಲಸದವರಿಗೂ ಗಾರೆಗೂ ಮೇಲೆ ನೆರಳಿನ ಬಲೆ ಕಟ್ಟಿಸಿ.

ಉತ್ತರ 5: ನಿವೃತ್ತ ಇಂಜಿನಿಯರ್, ಮಂಗಳೂರು

ಮೇಲಿನ ಮೂವರೂ ಹೇಳಿದ್ದನ್ನು ಓದಿದ ಮೇಲೆ ನನ್ನ ಅಭಿಪ್ರಾಯ ಹೀಗಿದೆ. ಕೈಯಲ್ಲಿ ಹಣವಿದ್ದು, ಎಪಾಕ್ಸಿ ಗ್ರೌಟ್ ತುಂಬುವುದರಲ್ಲಿ ಕೈ ಪಳಗಿದ ಟೈಲ್ಸಿನವರು ಸಿಕ್ಕರೆ ಟೈಲ್ಸ್ ಒಳ್ಳೆಯದು. ಆದರೆ ತಮ್ಮಂಥ ಚಿಕ್ಕ ಕೊಳಕ್ಕೆ, ತುಕ್ಕಿನ ಶಂಕೆಯೂ ಇರುವಾಗ, ನಾನು ಮತ್ತೆ ಗಾರೆಯನ್ನೇ ಹೇಳುತ್ತೇನೆ. ಗೋಡೆಯೊಳಗೆ ಏನಾದರೂ ಆದರೆ ಗಾರೆಯ ಮೇಲೆ ಕಲೆಯಾಗಿ ಬೇಗ ಕಣ್ಣಿಗೆ ಬೀಳುತ್ತದೆ; ಟೈಲ್ಸಿನ ಹಿಂದೆ ಅದು ವರ್ಷಗಟ್ಟಲೆ ಅಡಗಿರುತ್ತದೆ. ಮಾರ್ಬಲ್ ಪುಡಿಯ ಬದಲು ಸ್ಫಟಿಕ ಶಿಲೆಯ, ಅಂದರೆ ಕ್ವಾರ್ಟ್ಜ್, ಕಣಗಳನ್ನು ಬೆರೆಸಿದ ಗಾರೆ ಸಿಕ್ಕರೆ ಇನ್ನೂ ಮೇಲು. ಮಾರ್ಬಲ್ ಕೂಡ ಸುಣ್ಣದ ಕಲ್ಲೇ ಆದ್ದರಿಂದ ಆಮ್ಲಕ್ಕೆ ಕರಗುತ್ತದೆ, ಕ್ವಾರ್ಟ್ಜ್ ಕರಗುವುದಿಲ್ಲ.

ಕಾಲದ ವಿಷಯದಲ್ಲಿ ನಾಲ್ಕು ಕಡೆಯ ಎಳೆತ ಇದೆ. ಅಂತರ್ಜಲ ಅತಿ ಕೆಳಗಿರುವುದು ಏಪ್ರಿಲ್ ಮತ್ತು ಮೇ ತಿಂಗಳಲ್ಲಿ, ಆದರೆ ಆಗ ಬಿಸಿಲು ಗಾರೆಯನ್ನು ಕರಣೆಯ ಕೆಳಗೇ ಬಿಗಿಯಾಗಿಸಿ ಕೂದಲಿನಂಥ ಬಿರುಕು ಬಿಡಿಸುತ್ತದೆ. ಮೇ ಕೊನೆಗೆ ಮಳೆಯ ಭಯ. ಮೇಲಾಗಿ ಆ ಕಾಲಕ್ಕೆ ತಮ್ಮ ಬಾವಿಯಲ್ಲಿ ಕೊಳ ತುಂಬುವಷ್ಟು ನೀರು ಇರುವುದಿಲ್ಲ. ಫೆಬ್ರುವರಿಯಲ್ಲಿ ಗಾಳಿ ಸ್ವಲ್ಪ ಒಣಗಿರುತ್ತದೆ, ಬಿಸಿಲು ಇನ್ನೂ ತಾಳುವಂತಿರುತ್ತದೆ, ಬಾವಿಯೂ ಬತ್ತಿರುವುದಿಲ್ಲ. ಬಾವಿಯ ಹಗ್ಗ ಒಪ್ಪಿದರೆ ಫೆಬ್ರುವರಿಯಲ್ಲೇ ಮಾಡಿ.

ಕೆತ್ತುವ ಮೊದಲು ಇಡೀ ಮೇಲ್ಮೈಯನ್ನು ಸುತ್ತಿಗೆಯ ಹಿಡಿಯಿಂದ ತಟ್ಟಿಸಿ, ಟೊಳ್ಳು ಸದ್ದು ಬಂದಲ್ಲೆಲ್ಲ ಸೀಮೆಸುಣ್ಣದ ಗುರುತು ಹಾಕಿಸಿ. ಟೊಳ್ಳಿನ ಕೆಳಗಿನ ಕಾಂಕ್ರೀಟನ್ನು ಕಣ್ಣಾರೆ ನೋಡದೆ ಮುಚ್ಚಲು ಬಿಡಬೇಡಿ. ತಮ್ಮ ಕೊಳದ ಒಳಮೈ ಸುಮಾರು 68 ಚದರ ಮೀಟರ್ ಆಗುತ್ತದೆ. ಹಳೆಯದನ್ನೆಲ್ಲ ಕೆತ್ತಿ, ಒತ್ತಡದ ನೀರಿನಿಂದ ಪುಡಿಯೆಲ್ಲ ತೊಳೆದು, ತೇವವಿದ್ದರೂ ನೀರು ನಿಲ್ಲದ ಸ್ಥಿತಿಯಲ್ಲಿ ಅಂಟುಪದರ ಬಳಿದು, 10ರಿಂದ 12 ಮಿ.ಮೀ. ಗಾರೆ ಹಾಕಬೇಕು, ಬಿಳಿ ಸಿಮೆಂಟ್ ಒಂದು ಪಾಲಿಗೆ ಪುಡಿ ಒಂದೂವರೆಯಿಂದ ಎರಡು ಪಾಲು. ತಳ ಮತ್ತು ಗೋಡೆಗಳು ಒಂದೇ ದಿನದಲ್ಲಿ ಮುಗಿಯಬೇಕು. ಅದಕ್ಕೆ ತಕ್ಕಷ್ಟು ಆಳುಗಳು ಬರುತ್ತಾರೆಯೇ ಎಂದು ಮೊದಲೇ ಕೇಳಿಕೊಳ್ಳಿ. ಮಧ್ಯಾಹ್ನ ಗಾರೆ ಬಿಗಿಯುತ್ತಿದ್ದಂತೆ ಮೇಸ್ತ್ರಿ ನೀರು ಚಿಮುಕಿಸಿ ಮತ್ತೆ ಕರಣೆಯಾಡಿಸುವುದನ್ನು ಕಂಡರೆ ನಿಲ್ಲಿಸಿ, ಹಾಗೆ ಮಾಡಿದ ಜಾಗವೇ ಮುಂದೆ ಮೊದಲು ಮಚ್ಚೆಯಾಗಿ ಏಳುವುದು.

ಮುಗಿದ ದಿನವೇ, ಗಾರೆ ಬೆರಳೊತ್ತಿದರೆ ಗುರುತು ಬೀಳದಷ್ಟು ಬಿಗಿದ ಕೂಡಲೇ, ನೀರು ತುಂಬಲು ಶುರು ಮಾಡಬೇಕು. ನಮ್ಮ ಹವೆಯಲ್ಲಿ ಗೋಣಿಚೀಲ ಹೊದಿಸಿ ನೀರುಣಿಸುವುದಕ್ಕಿಂತ ಕೊಳದ ನೀರೇ ಒಳ್ಳೆಯ ಕ್ಯೂರಿಂಗ್, ಅಂದರೆ ಗಾರೆ ಒಣಗದೆ ಗಟ್ಟಿಯಾಗಲು ಬೇಕಾದ ತೇವ. ಪೈಪಿನ ಬಾಯಿಗೆ ಹಳೆಯ ಟವೆಲ್ ಸುತ್ತಿ, ಅತಿ ಆಳದ ಜಾಗದಲ್ಲಿಟ್ಟು, ತುಂಬುವವರೆಗೆ ನಿಲ್ಲಿಸದೆ ಬಿಡಬೇಕು. ನಡುವೆ ನಿಲ್ಲಿಸಿದರೆ ಆ ಮಟ್ಟದಲ್ಲಿ ಕೊಳದ ಸುತ್ತ ಒಂದು ಗೆರೆ ಉಳಿದುಬಿಡುತ್ತದೆ, ಅದು ಮತ್ತೆ ಹೋಗುವುದಿಲ್ಲ. ಗಂಟೆಗೆ 3,000 ಲೀಟರ್ ಎತ್ತುವ ಪಂಪಾದರೂ 48,000 ಲೀಟರಿಗೆ 16 ಗಂಟೆ ಬೇಕು. ಬಾವಿ ಅಷ್ಟು ಹೊತ್ತು ನೀರು ಕೊಡದಿದ್ದರೆ 6,000 ಲೀಟರಿನ ಎರಡು ಮೂರು ಟ್ಯಾಂಕರುಗಳನ್ನು ಮೊದಲೇ ಹೇಳಿಟ್ಟುಕೊಳ್ಳಿ. ಟ್ಯಾಂಕರಿನ ದಪ್ಪ ಪೈಪನ್ನು ಮಾತ್ರ ನೇರವಾಗಿ ಹಸಿ ಗಾರೆಯ ಮೇಲೆ ಬಿಡಬಾರದು.

ಆಮೇಲೆ 28 ದಿನ ಕೊಳ ಹಸುಗೂಸಿದ್ದಂತೆ. ಮೊದಲ ಎರಡು ವಾರ ದಿನಕ್ಕೆ ಎರಡು ಸಲ ಮೆತ್ತಗಿನ ಬ್ರಷ್‌ನಿಂದ ಗೋಡೆಯನ್ನೂ ತಳವನ್ನೂ ಉಜ್ಜಿ, ಮೇಲೇಳುವ ಬಿಳಿ ಪುಡಿಯನ್ನು ಫಿಲ್ಟರಿಗೆ ಕಳುಹಿಸಬೇಕು. ಹೊಸ ಗಾರೆಯಿಂದ ಸುಣ್ಣ ಬಿಡುವುದರಿಂದ ಈ ದಿನಗಳಲ್ಲಿ ಪಿಎಚ್ ಏರುತ್ತಲೇ ಇರುತ್ತದೆ. ಅದನ್ನು ಇಳಿಸಲು ಆಸಿಡ್ಡನ್ನು ಬಕೆಟ್ ನೀರಿನಲ್ಲಿ ತೆಳುವಾಗಿಸಿ ಸ್ವಲ್ಪಸ್ವಲ್ಪವೇ ಹಾಕಬೇಕು. ಮೊದಲ ಎರಡು ದಿನ ಕ್ಲೋರಿನ್ ಬೇಡ. ಬಿಲ್ಲೆಗಳನ್ನು ಕಸದವರಿಗೆ ಕೊಡಬೇಡಿ, ಮಾರಿದವರಿಗೇ ವಾಪಸು ಕೊಟ್ಟುಬಿಡಿ.

ಒಂದು ಸಣ್ಣ ಮಾತು ಉಳಿಯಿತು. ಕೊಳ ಖಾಲಿ ಇರುವಷ್ಟು ದಿನವೂ ಆಳದ ಮೂಲೆಯಲ್ಲಿ ಒಂದು ಬೊಗಸೆ ನೀರೂ ನಿಲ್ಲದಂತೆ ನೋಡಿಕೊಳ್ಳಿ. ಮಂಗಳೂರಿನ ಮಲೇರಿಯಾ ತಮಗೆ ನಾನು ಹೇಳಬೇಕಾಗಿಲ್ಲ.

ಉಳ್ಳಾಲದ ಮನೆ

ಎಲ್ಲರಿಗೂ ವಂದನೆಗಳು. ಕ್ವಾರ್ಟ್ಜ್ ಬೆರೆಸಿದ ಗಾರೆ ಎಂದು ಮನೆಯಲ್ಲಿ ತೀರ್ಮಾನವಾಗಿದೆ. ನೀರಿನ ಮಟ್ಟದ ಮೊಸಾಯಿಕ್ ಸಾಲನ್ನು ಮಾತ್ರ ಎಪಾಕ್ಸಿ ಗ್ರೌಟ್ ಹಾಕಿ ಹೊಸದಾಗಿ ಕೂರಿಸುತ್ತೇವೆ. ಜೂನ್ ಒಳಗೆ ಮೇಲೆ ಶೀಟಿನ ಮಾಡು ಮಾಡಿಸುವ ಬಗ್ಗೆಯೂ ಮಾತು ನಡೆದಿದೆ.

ಇಂದು ಬೆಳಿಗ್ಗೆ ಯಜಮಾನರು ಬಾವಿ ಅಳೆದರು. ಕಟ್ಟೆಯ ಮೇಲಿನಿಂದ 2.4 ಮೀಟರ್ ಬಂತು. ಕಟ್ಟೆಯ ಎತ್ತರ 80 ಸೆಂ.ಮೀ. ಕಳೆದರೆ ನೆಲದಿಂದ 1.6 ಮೀಟರ್ ಕೆಳಗೇ ನೀರಿದೆ. ಅಂದರೆ ನಮ್ಮ ಕೊಳದ ಅಡಿ ಈಗ ನೀರಿನೊಳಗೆ 40 ಸೆಂ.ಮೀ. ಮುಳುಗಿ ನಿಂತಿದೆ. ಹಗ್ಗದಲ್ಲಿ 3.8 ಮೀಟರಿಗೆ ಒಂದು ಗಂಟು ಹಾಕಿ ರಾಟೆಯ ಕಂಬಕ್ಕೆ ಸುತ್ತಿಟ್ಟಿದ್ದಾರೆ. ಗಂಟು ಕಟ್ಟೆಗೆ ಬರುವವರೆಗೆ ಇಳಿಸಿದರೂ ಕಲ್ಲು ಒದ್ದೆಯಾಗದೆ ಮೇಲೆ ಬಂದ ದಿನ ಮೇಸ್ತ್ರಿಗೆ ಫೋನ್ ಮಾಡುತ್ತೇವೆ.